ನಮ್ಮವರ ಓವರ್‌ಸ್ಟೇ

ಪಾಸ್‌ಪೋರ್ಟ್ ಕೌಂಟರಿನಲ್ಲಿ ಕುಳಿತಿದ್ದ ಹುಡುಗಿ ನಮ್ಮವರ ಶಾಲೆಯ ಲೀವಿಂಗ್ ಸರ್ಟಿಫಿಕೇಟನ್ನು ಎರಡು ಸಲ ಓದಿದಳು. ಆಮೇಲೆ ಕನ್ನಡಕದ ಮೇಲಿಂದ ಅವರ ಮುಖ ನೋಡಿ ಹಿಂದಿಯಲ್ಲಿ ಕೇಳಿದಳು: "ಅಂಕಲ್, ಹುಟ್ಟಿದ ಊರು ಯಜ್ದ್, ಇರಾನ್ ಅಂತ ಇದೆ. ನಿಮ್ಮ ಸಿಟಿಜನ್‌ಶಿಪ್ ಸರ್ಟಿಫಿಕೇಟ್ ಎಲ್ಲಿ?"

ನಮ್ಮವರು ನಕ್ಕರು. "ಐದು ವರ್ಷದವನಿದ್ದಾಗ ಬಂದೆ ಬೇಟಾ. ನಾನು ಇಲ್ಲಿಯವನೇ."

ಹುಡುಗಿ ನಗಲಿಲ್ಲ. ಫೈಲು ಹಿಡಿದು ಒಳಗೆ ಹೋದಳು. ಹತ್ತು ನಿಮಿಷದ ನಂತರ ಒಬ್ಬ ಹಿರಿಯ ಅಧಿಕಾರಿ ನಮ್ಮನ್ನು ಒಳಕೋಣೆಗೆ ಕರೆದು, ಕೂಡಿಸಿ, ಬಹಳ ಮರ್ಯಾದೆಯಿಂದಲೇ ಹೇಳಿದರು. ಈ ಅರ್ಜಿ ಮುಂದೆ ಹೋಗುವುದಿಲ್ಲ. ಕಾಗದಗಳ ಪ್ರಕಾರ ನಿಮ್ಮ ಯಜಮಾನರು ಭಾರತೀಯ ನಾಗರಿಕರಲ್ಲ. ವಿಷಯವನ್ನು ವಿದೇಶೀಯರ ನೋಂದಣಿ ಕಚೇರಿಗೆ ತಿಳಿಸದೆ ನಮಗೆ ಬೇರೆ ದಾರಿಯಿಲ್ಲ.

ಆ ಅರ್ಜಿ ತುಂಬಿದವಳು ನಾನು. ಮದುವೆಯ ಐವತ್ತನೇ ವರ್ಷಕ್ಕೆ ಸಿಂಗಾಪುರಕ್ಕೆ ಹೋಗಿ ಬರೋಣ ಎಂದು ಹಠ ಹಿಡಿದವಳೂ ನಾನೇ. ಹುಟ್ಟಿದ ಸ್ಥಳದ ಕಾಲಮ್ಮಿನಲ್ಲಿ ಯಜ್ದ್ ಎಂದು ಟೈಪ್ ಮಾಡಿ, ನಾಗರಿಕತ್ವ ಹೇಗೆ ಬಂತು ಎಂಬ ಕಾಲಮ್ಮಿನಲ್ಲಿ 'ಹುಟ್ಟಿನಿಂದ' ಎಂದು ಒತ್ತಿದ್ದೆ. ಎರಡೂ ಒಂದೇ ಪುಟದಲ್ಲಿದ್ದವು. ಕಣ್ಣಿಗೆ ಬೀಳಲಿಲ್ಲ.

ನಮ್ಮವರು ಇರಾಣಿ. ಪುಣೆಯಲ್ಲಿ ಇರಾಣಿ ಎಂದರೆ ಯಾರೂ ಪರದೇಶಿ ಎಂದುಕೊಳ್ಳುವುದಿಲ್ಲ. ಬೆಣ್ಣೆ ಸವರಿದ ಬನ್‌ಮಸ್ಕಾ, ಚಹಾ ನೆನಪಾಗುತ್ತದೆ ಅಷ್ಟೇ. ನಮ್ಮ ಮಾವನವರು ಪುಣೆಯ ಕ್ಯಾಂಪ್ ಬಡಾವಣೆಯಲ್ಲಿ ಬೇಕರಿ ಇಟ್ಟಿದ್ದರು. ನಾನು ಧಾರವಾಡದ ಕಾನ್ವೆಂಟಿನಲ್ಲಿ ಓದಿ, ಶಾರ್ಟ್‌ಹ್ಯಾಂಡ್ ಕಲಿಯಲು ಪುಣೆಗೆ ಬಂದ ಹುಡುಗಿ. ಬೇಕರಿಯ ಕೌಂಟರಿನ ಹಿಂದೆ ನಿಂತಿದ್ದ ಉದ್ದ ಮೂಗಿನ ಹುಡುಗನನ್ನು ರಿಜಿಸ್ಟ್ರಾರ್ ಕಚೇರಿಯಲ್ಲಿ, ತಿಂಗಳ ನೋಟಿಸು ಹಾಕಿ, ಮೂವರು ಸಾಕ್ಷಿಗಳ ಮುಂದೆ ಮದುವೆಯಾದೆ. ಅವನ ಕಡೆಯವರೂ ಬರಲಿಲ್ಲ, ನನ್ನ ಕಡೆಯವರೂ ಬರಲಿಲ್ಲ. ನನ್ನ ತಮ್ಮ ಒಬ್ಬ ಬಂದಿದ್ದ. ನಮಗೆ ಮಕ್ಕಳಾಗಲಿಲ್ಲ.

ಇನ್ನು ನಾಚಿಕೆಯ ಮಾತನ್ನೂ ಈಗಲೇ ಹೇಳಿಬಿಡುತ್ತೇನೆ. ಭೋಸರಿಯ ಒಂದು ಎಂಜಿನಿಯರಿಂಗ್ ಕಾರ್ಖಾನೆಯಲ್ಲಿ ನಾನು ಮೂವತ್ತು ವರ್ಷ ಸೆಕ್ರೆಟರಿಯಾಗಿದ್ದೆ. ಅಲ್ಲಿಗೆ ಬರುತ್ತಿದ್ದ ಜರ್ಮನ್, ಜಪಾನಿ ಎಂಜಿನಿಯರುಗಳ ವಿಸಾ, ನೋಂದಣಿ, ರೆಸಿಡೆನ್ಷಿಯಲ್ ಪರ್ಮಿಟ್ ಎಲ್ಲ ನನ್ನ ಟೇಬಲ್ಲಿನ ಕೆಲಸ. ಒಂದು ಉದ್ದನೆಯ ರಿಜಿಸ್ಟರಿನಲ್ಲಿ ಪ್ರತಿಯೊಬ್ಬರ ಹೆಸರು, ಪಾಸ್‌ಪೋರ್ಟ್ ನಂಬರು, ಅವಧಿ ಮುಗಿಯುವ ತಾರೀಖು, ಅದಕ್ಕೂ ಎರಡು ತಿಂಗಳು ಮೊದಲಿನ ತಾರೀಖನ್ನು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದೆ. ಒಬ್ಬನ ಪರ್ಮಿಟ್ ಒಂದು ದಿನವೂ ಲ್ಯಾಪ್ಸ್ ಆಗಲಿಲ್ಲ. ಸಂಜೆ ಐದೂವರೆಗೆ ರಿಜಿಸ್ಟರ್ ಮುಚ್ಚಿ ಮನೆಗೆ ಬಂದು, ಆ ಪಟ್ಟಿಯಲ್ಲೇ ಇಲ್ಲದ, ಅವಧಿ ಮೀರಿ ಎಲ್ಲರಿಗಿಂತ ಹೆಚ್ಚು ಓವರ್‌ಸ್ಟೇ ಆದ ಫಾರಿನರ್‌ಗೆ ಊಟ ಬಡಿಸುತ್ತಿದ್ದೆ.

ಅದು ಹೇಗಾಯಿತು ಎಂಬುದು ಕಬ್ಬಿಣದ ಟ್ರಂಕು ತೆಗೆದಾಗ ಗೊತ್ತಾಯಿತು. ಮಾವನವರದೂ ನಮ್ಮವರದೂ ಎರಡು ಸಣ್ಣ ನೋಂದಣಿ ಪುಸ್ತಕಗಳಿದ್ದವು. ವರ್ಷಕ್ಕೊಮ್ಮೆ ಮಾವನವರೇ ಎರಡನ್ನೂ ಒಂದು ಕರವಸ್ತ್ರದಲ್ಲಿ ಸುತ್ತಿಕೊಂಡು, ಕೋಟು ಹಾಕಿಕೊಂಡು, ಕಚೇರಿಗೆ ಹೋಗಿ ಸ್ಟ್ಯಾಂಪ್ ಹಾಕಿಸಿ ಬರುತ್ತಿದ್ದರು. ಮಗನನ್ನು ಸಹಿಗೆ ಕರೆದುಕೊಂಡು ಹೋದರೂ, 'ಯಾಕೆ' ಅಂತ ಮಗ ಕೇಳಿದವನಲ್ಲ. ಆ ಮನೆಯಲ್ಲಿ ಕಾಗದದ ಕೆಲಸ ಅಪ್ಪನದು, ಒಲೆಯ ಕೆಲಸ ಮಗನದು. ಮಾವ ತೀರಿಕೊಂಡ ವರ್ಷದ ಸ್ಟ್ಯಾಂಪೇ ಕಡೆಯದು. ಅಲ್ಲಿಂದ ಎಣಿಸಿದರೆ ಮೂವತ್ತೆಂಟು ವರ್ಷ. ಪುಸ್ತಕಗಳನ್ನು ನಾನೇ ಅದೇ ಕರವಸ್ತ್ರದಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದೆ, ಮಾವನವರ ನೆನಪಿಗೆ.

ಎರಡು ವಾರಕ್ಕೆ ನೋಟಿಸು ಬಂತು. ಇಂಥ ದಿನ ದಾಖಲೆಗಳ ಸಮೇತ ಹಾಜರಾಗಬೇಕು. ಇಲ್ಲಿ ಇರಲು ಏನು ಹಕ್ಕಿದೆ ಎಂದು ತೋರಿಸದಿದ್ದರೆ ದೇಶ ಬಿಡುವಂತೆ ಆದೇಶ ಹೊರಡಿಸಲಾಗುವುದು. ಎಪ್ಪತ್ತೆಂಟು ವರ್ಷದ ಮನುಷ್ಯ. ಹೋಗುವುದಾದರೂ ಎಲ್ಲಿಗೆ? ಯಜ್ದ್‌ನಲ್ಲಿ ಗುರುತಿನ ಒಂದು ಪ್ರಾಣಿಯಿಲ್ಲ.

ಬೆಳಗಾವಿಯಿಂದ ತಮ್ಮ ಬಂದ. ನಲವತ್ತು ವರ್ಷ ವಕೀಲಿ ಮಾಡಿ ಈಗ ನಿವೃತ್ತ. ನೋಟಿಸು ಓದಿ, ಚಹಾ ಮುಗಿಸಿ, ಕಪ್ಪು ಕೆಳಗಿಟ್ಟ.

"ಅಕ್ಕಾ, ಇದಕ್ಕ ಸಸಾರ ದಾರಿ ಅದ. ಭಾವ ಹುಟ್ಟಿದ್ದು ಪುಣೇದಾಗ. ಮನ್ಯಾಗ ಹೆರಿಗಿ ಆತು, ಆಗ ನೋಂದಣಿ ಮಾಡಿಸಲಿಲ್ಲ. ಒಂದು ಅಫಿಡವಿಟ್ ಹಾಕಿ ಈಗ ಮಾಡ್ಸೋಣು."

"ಶಾಲಿ ಸರ್ಟಿಫಿಕೇಟಿನಾಗ ಯಜ್ದ್ ಅಂತ ಅದಲ್ಲೋ?"

"ಮಾಸ್ತರ್ ತಪ್ಪಿ ಬರದಾನ. ಮಾಸ್ತರ್ ಈಗ ಎಲ್ಲಿದ್ದಾನ?"

ನಮ್ಮವರು ಅಷ್ಟು ಹೊತ್ತು ಪೇಪರು ಓದುವವರ ಹಾಗೆ ಕೂತಿದ್ದರು. ನನ್ನಿಂದ, ಆಮೇಲೆ ರಾಜಿಯಾದ ನನ್ನ ತಾಯಿಯಿಂದ ಕಲಿತ ಧಾರವಾಡದ ಕನ್ನಡ ಅವರದು. "ನಮ್ಮವ್ವ ಹಡಗದಾಗ ದಿನಾ ವಾಂತಿ ಮಾಡ್ಕೋತ ನನ್ನ ಬಗಲಾಗ ಹೊತ್ಕೊಂಡು ಬಂದಾಳ. ಆಕಿ ಬಂದೇ ಇಲ್ಲ ಅಂತ ನಾ ಬರಕೊಡ್ಲಿ?"

"ಭಾವ, ನಿಮ್ಮ ಅವ್ವನ್ನ ಯಾರೂ ಸಾಕ್ಷಿಗೆ ಕರಿಯಂಗಿಲ್ರಿ."

"ನಾ ಕರೀತೀನಲ್ಲ, ದಿನಾ."

ತಮ್ಮ ನನ್ನ ಕಡೆ ನೋಡಿದ. ಟೈಪ್ ಮಾಡುವ ಕೈ ನನ್ನದು. ಅಫಿಡವಿಟ್ಟಿನ ಒಕ್ಕಣೆ ತಲೆಯಲ್ಲಿ ಆಗಲೇ ಸಾಲುಗಟ್ಟಿತ್ತು ಎಂದು ಒಪ್ಪಿಕೊಳ್ಳಬೇಕು. ಆದರೆ ಅವರು ಒಲ್ಲೆ ಎಂದ ಮೇಲೆ ಆ ಮಾತು ಅಲ್ಲಿಗೆ ಮುಗಿಯಿತು.

ನೋಂದಣಿ ಕಚೇರಿಯಲ್ಲಿ ನಮ್ಮ ಕೇಸು ನೋಡಿದವರು ನಲವತ್ತರ ಆಸುಪಾಸಿನ ಒಬ್ಬ ಮಹಿಳಾ ಅಧಿಕಾರಿ. ಮರಾಠಿಯವರು. ನಾನು ಕೆಲಸ ಮಾಡುತ್ತಿದ್ದ ಕಾಲದಲ್ಲಿ ಈಕೆ ಶಾಲೆಗೆ ಹೋಗುತ್ತಿದ್ದಿರಬೇಕು. ನಾನು ಹಳೆಯ ಪುಸ್ತಕಗಳನ್ನೂ ಮದುವೆಯ ಸರ್ಟಿಫಿಕೇಟನ್ನೂ ಮುಂದಿಟ್ಟು, ನಾನೂ ಈ ಕೆಲಸ ಮಾಡಿದವಳೇ ಎಂದು ಹೇಳಲು ಬಾಯಿ ತೆಗೆದು, ಮುಚ್ಚಿದೆ.

ಆಕೆ ಬಿಳಿ ಹಾಳೆಯ ಮೇಲೆ ಬರೆದು ತೋರಿಸಿದರು. ನಮ್ಮಲ್ಲಿ ಪರ್ಮನೆಂಟ್ ರೆಸಿಡೆನ್ಸಿ ಎಂಬ ಹೆಸರಿನ ಕಾಗದ ಇಂಥವರಿಗಿಲ್ಲ. ಇರುವ ದಾರಿ ಇದು: ಮೊದಲು ಇವರು ತಮ್ಮ ದೇಶದ ಪಾಸ್‌ಪೋರ್ಟ್ ತರಬೇಕು. ಪಾಸ್‌ಪೋರ್ಟಿಲ್ಲದವನಿಗೆ ವಿಸಾ ಅಂಟಿಸಲು ಜಾಗವೇ ಇಲ್ಲ. ಆಮೇಲೆ ಭಾರತೀಯಳ ಪತಿ ಎಂಬ ಆಧಾರದ ಮೇಲೆ ಅರ್ಜಿ, ಓವರ್‌ಸ್ಟೇಗೆ ದಂಡ, ವಿವರಣೆ, ಹೆಂಡತಿಯೇ ಸ್ಪಾನ್ಸರ್. ಅದು ಮಂಜೂರಾದರೆ ಕಾನೂನುಬದ್ಧವಾಗಿ ಇರಬಹುದು, ಮುಂದೆ ಬೇಕಾದರೆ ಜೀವನಪರ್ಯಂತ ಇಲ್ಲಿರಲು ಬಿಡುವ ಓಸಿಐ ಕಾರ್ಡಿಗೆ ಹಾಕಬಹುದು. ಮಂಜೂರಾಗದಿದ್ದರೆ ಎಂದು ನಾನು ಕೇಳಿದೆ. ಆಕೆ ಪೆನ್ನಿನ ಮುಚ್ಚಳ ಹಾಕಿದರು. "ಮಗ್ ಜಾವಂ ಲಾಗೇಲ, ಆಜೀ." ಆಗ ಹೋಗಬೇಕಾಗುತ್ತದೆ, ಅಜ್ಜಿ.

ಪಾಸ್‌ಪೋರ್ಟಿಗಾಗಿ ಮುಂಬೈಯ ಕಾನ್ಸುಲೇಟಿಗೆ ಮೂರು ಸಲ ಹೋದೆವು. ಅಲ್ಲಿ ಬೇಕಾದದ್ದು ಅವರ ದೇಶದ ಜನನ ಪುಸ್ತಿಕೆ. ನಮ್ಮವರದು ಇರಲಿಲ್ಲ. ಮತ್ತೆ ಟ್ರಂಕು. ಮಾವನವರ ಕೋಟಿನ ಒಳಜೇಬಿನಲ್ಲಿ ಅವರದೇ ಪುಸ್ತಿಕೆ ಸಿಕ್ಕಿತು. ಅದರ ಕೊನೆಯಲ್ಲಿ ಮಕ್ಕಳ ಪುಟ. ನನಗೆ ಓದಲು ಬಾರದ ಲಿಪಿ. ನಮ್ಮವರಿಗೂ ಬಾರದು. ಮನೆಯಲ್ಲಿ ಅವರು ಆಡುತ್ತಿದ್ದದ್ದು ಯಜ್ದ್‌ನ ಜರತುಷ್ಟ್ರ ಮತದವರ ಆಡುಮಾತು, ಅದನ್ನು ಬರೆಯುವ ರೂಢಿಯೇ ಇಲ್ಲ. ಕಿಟಕಿಯ ಹಿಂದಿದ್ದ ಗುಮಾಸ್ತ ಫಾರ್ಸಿಯಲ್ಲಿ ಕೇಳಿದ, ಇವರು ಆ ಮಾತಿನಲ್ಲಿ ಉತ್ತರಿಸಿದರು. ಇಬ್ಬರಿಗೂ ಪೂರ್ತಿ ತಿಳಿಯಲಿಲ್ಲ. ಕಡೆಗೆ ವ್ಯವಹಾರ ಹಿಂದಿಯಲ್ಲಿ ನಡೆಯಿತು.

ಮಕ್ಕಳ ಪುಟದಲ್ಲಿ ಹೆಸರಿತ್ತು, ನಂಬರಿತ್ತು. ಅದನ್ನು ಊರಿನ ದಾಖಲೆಯೊಂದಿಗೆ ತಾಳೆ ನೋಡಲು ಕಳಿಸಿದರು. ನಾಲ್ಕು ತಿಂಗಳು. ಈ ನಡುವೆ ಇತ್ತ ನೋಂದಣಿ ಕಚೇರಿ ಕೊಟ್ಟ ಗಡುವು ಎರಡು ಸಲ ಮುಗಿಯಿತು. ಎರಡು ಸಲವೂ ನಾನು ಕಾನ್ಸುಲೇಟಿನ ರಸೀತಿಯ ಪ್ರತಿ ಲಗತ್ತಿಸಿ ಅರ್ಜಿ ಕೊಟ್ಟೆ, ಎರಡು ಸಲವೂ ಅಧಿಕಾರಿ ಗಡುವು ಮುಂದೂಡಿದರು. ಪಾಸ್‌ಪೋರ್ಟ್ ಬಂದ ದಿನ ನಮ್ಮವರು ಅದನ್ನು ಹಿಂದುಮುಂದು ತಿರುವಿ, "ಫೋಟೋ ನಂದು. ಉಳದದ್ದು ಯಾರ್ದೋ," ಎಂದು ನನ್ನ ಕೈಗೆ ಕೊಟ್ಟರು.

ಮುಂದಿನದು ಆನ್‌ಲೈನ್. ನಮ್ಮ ಕಾಲದಲ್ಲಿ ನಾಲ್ಕು ಪ್ರತಿ, ಕಾರ್ಬನ್ನು, ಟ್ಯಾಗು. ಈಗ ಪ್ರತಿಯೊಂದು ಕಾಗದವನ್ನೂ ಸ್ಕ್ಯಾನ್ ಮಾಡಿ, ಹೇಳಿದ ಸೈಜಿಗೆ ಇಳಿಸಿ, ಏರಿಸಬೇಕು. ಸಣ್ಣದು ಮಾಡಿದರೆ ಅಕ್ಷರ ಕಾಣದು, ದೊಡ್ಡದು ಮಾಡಿದರೆ ಕಂಪ್ಯೂಟರ್ ನುಂಗದು. ಮೊದಲ ಸಲ ಅರ್ಜಿ ವಾಪಸು ಬಂದದ್ದು ವಿಳಾಸದ ಪುರಾವೆಗೆ: ಲೈಟ್ ಬಿಲ್ಲು ಇನ್ನೂ ಮಾವನವರ ಹೆಸರಿನಲ್ಲಿ ಬರುತ್ತಿತ್ತು. ತೀರಿಹೋದವರ ಮನೆಯಲ್ಲಿ ಸ್ಪಾನ್ಸರ್ ವಾಸವಿದ್ದಾಳೆ ಎಂದು ಯಾರು ನಂಬುತ್ತಾರೆ? ಮೀಟರನ್ನು ನನ್ನ ಹೆಸರಿಗೆ ಮಾಡಿಸಲು ಆರು ವಾರ ಹಿಡಿಯಿತು.

ಆ ಆರು ವಾರದಲ್ಲೇ ನಾನು ಕವರಿಂಗ್ ಲೆಟರ್ ಬರೆಯಲು ಕೂತೆ. ಕವರಿಂಗ್ ಲೆಟರ್ ಎಂದರೆ ನನ್ನ ವಿದ್ಯೆ. ಇಂಗ್ಲಿಷಿನಲ್ಲಿ, ಪ್ಯಾರಾಗಳಿಗೆ ನಂಬರ್ ಹಾಕಿ, ಪ್ರತಿ ಪ್ಯಾರಾಕ್ಕೆ ಪುರಾವೆಯಾಗಿ ಲಗತ್ತಿಸಿದ ಒಂದು ಅನೆಕ್ಷರ್. ವಿಶೇಷಣ ಇಲ್ಲ, ಗೋಳು ಇಲ್ಲ. ಒಂದರಿಂದ ಆರು ಸರಾಗವಾಗಿ ಬಂದವು: ಬಂದದ್ದು, ಶಾಲೆ, ಮದುವೆ, ಬೇಕರಿ, ಕಡೆಯ ಸ್ಟ್ಯಾಂಪ್, ಪಾಸ್‌ಪೋರ್ಟ್. ಏಳನೆಯದು: ಅರ್ಜಿದಾರರ ಬಳಿ ಇರುವ ಇತರ ಗುರುತಿನ ಚೀಟಿಗಳು. ಅವರ ಪರ್ಸಿನಿಂದ ತೆಗೆದು ಟೇಬಲ್ಲಿನ ಮೇಲೆ ಸಾಲಾಗಿ ಇಟ್ಟೆ. ಸೀನಿಯರ್ ಸಿಟಿಜನ್ ಕಾರ್ಡು, ಗ್ರಂಥಾಲಯದ ಕಾರ್ಡು, ಆಧಾರ್. ಮತದಾರರ ಗುರುತಿನ ಚೀಟಿ.

ಅದರ ಮೇಲೆ ಕೈ ಹಾಗೇ ನಿಂತಿತು.

ನಮ್ಮವರು ಎಂದೂ ಮತದಾನ ತಪ್ಪಿಸಿದವರಲ್ಲ. ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು, ಏಳು ಗಂಟೆಗೆ ಮೊದಲೇ ಸಾಲಿನಲ್ಲಿ ನಿಲ್ಲುವವರು. ನಾನು ಒಂಬತ್ತಕ್ಕೆ ಹೊರಟರೆ "ನಿಮ್ಮಂಥವರಿಂದನ ದೇಶ ಹಿಂಗಾಗೇದ" ಎನ್ನುವವರು. ಪರದೇಶದ ಪ್ರಜೆ ಮತದಾರರ ಪಟ್ಟಿಯಲ್ಲಿರುವುದೇ ಅಪರಾಧ.

ತಮ್ಮನಿಗೆ ಫೋನ್ ಮಾಡಿದೆ.

"ಅಕ್ಕಾ, ಕೇಳಿದಾರೇನು?"

"ಇಲ್ಲ. ಗುರುತಿನ ಚೀಟಿ ಯಾವ್ಯಾವ ಅವ ಅಂತಷ್ಟೇ ಅದ."

"ಆಧಾರ್ ಬರಿ, ಸಾಕು. ಕೇಳಲಾರದ್ದನ್ನ ಹೇಳೂದು ವಕೀಲಿ ಅಲ್ಲ, ಹುಚ್ಚತನ. ಓವರ್‌ಸ್ಟೇ ಮರತು ಆಗೇದ ಅಂತ ಬಿಡ್ತಾರ. ವೋಟು ಹಾಕ್ಯಾನ ಅಂದ್ರ ಕೇಸು. ನೀ ನಿನ್ನ ಗಂಡನ್ನ ನೀನ ಹಿಡದು ಕೊಡ್ತೀ ಏನು?"

ಫೋನಿಟ್ಟೆ. ಕಾರ್ಖಾನೆಯಲ್ಲಿ ನನಗೆ ಒಂದು ನಿಯಮವಿತ್ತು. ಅಧಿಕಾರಿ ತಾನಾಗಿ ಕಂಡುಹಿಡಿಯಬಹುದಾದ ಕೆಟ್ಟ ಸಂಗತಿ ಯಾವುದೇ ಇರಲಿ, ಅದನ್ನು ನಾವೇ ಮೊದಲ ಪುಟದಲ್ಲಿ ಇಡಬೇಕು. ಒಮ್ಮೆ ಒಬ್ಬ ಎಂಜಿನಿಯರ್ ಹೇಳದೆ ಮನೆ ಬದಲಿಸಿದ್ದನ್ನು ನಮ್ಮ ಮ್ಯಾನೇಜರ್ ಮುಚ್ಚಿಡಲು ಹೇಳಿದರು, ನಾನು ಮುಚ್ಚಿಟ್ಟೆ. ಅದು ಹೊರಬಿದ್ದ ಮೇಲೆ ಒಂದು ವರ್ಷ ನಮ್ಮ ಪ್ರತಿ ಫೈಲನ್ನೂ ಭೂತಗನ್ನಡಿ ಹಿಡಿದು ನೋಡಿದರು. ಆದರೆ ಆಗ ಹೋಗುತ್ತಿದ್ದದ್ದು ಕಂಪನಿಯ ಹೆಸರು. ಈಗ ಹೋಗುವುದು ಮನುಷ್ಯ. ನಿಯಮ ಗೊತ್ತಿರುವುದು ಬೇರೆ. ಅದನ್ನು ನಮ್ಮ ಮನೆಯ ಮೇಜಿನ ಮೇಲೆ ಪಾಲಿಸುವುದು ಬೇರೆ.

ಸಂಜೆ ಅವರಿಗೆ ಹೇಳಿದೆ. ಪಟ್ಟಿಯಿಂದ ನಿಮ್ಮ ಹೆಸರು ತೆಗೆಯಿರಿ ಎಂದು ನೀವೇ ಅರ್ಜಿ ಹಾಕಬೇಕು, ಅದರ ರಸೀತಿಯನ್ನು ನಾವೇ ಲಗತ್ತಿಸಬೇಕು, ಮತ ಹಾಕಿದ್ದು ನಿಜ ಅಂತ ಮೊದಲ ಪ್ಯಾರಾದಲ್ಲೇ ಬರೆಯಬೇಕು.

ದೇಶ ಬಿಡಬೇಕಾದೀತು ಎಂಬ ನೋಟಿಸಿಗೆ ಬಾರದ ಸಿಟ್ಟು ಇದಕ್ಕೆ ಬಂತು. "ಎರಡು ಸಲ ವೋಟು ಹಾಕೇನೇನು? ಇನ್ನೊಬ್ಬರ ಹೆಸರಿನಾಗ ಹಾಕೇನೇನು? ಸಾಲಿನಾಗ ನಿಂತು ಹಾಕೇನಿ. ಅದನ್ನ ಕಳ್ಳತನ ಅಂತ ನಾನ ಬರಕೊಡಬೇಕು?"

"ಕಳ್ಳತನ ಅಂತ ಬರಿಯೂದಿಲ್ರಿ. ತಪ್ಪು ತಿಳುವಳಿಕಿ ಅಂತ ಬರೀತೀನಿ."

"ಯಾರ ತಪ್ಪು ತಿಳುವಳಿಕಿ ಮೇಡಂ? ಮೂವತ್ತು ವರ್ಷ ಫಾರಿನರ್‌ಗಳ ರಿಜಿಸ್ಟರ್ ಇಟ್ಟಾಕಿ ಯಾರು?"

ಸಲಿಗೆಯಲ್ಲಿ ಅವರು ನನ್ನನ್ನು ಮೇಡಂ ಎಂದೇ ಕರೆಯುವುದು. ಆವತ್ತಿನ ಮೇಡಂನಲ್ಲಿ ಸಲಿಗೆ ಇರಲಿಲ್ಲ. ಉತ್ತರ ಅವರಿಗೂ ಗೊತ್ತಿತ್ತು. ರಿಜಿಸ್ಟರಿನಲ್ಲಿ ಬರೆಯಬೇಕಾದರೆ ಮೊದಲು ಅವರು ಫಾರಿನರ್ ಎಂದು ನನಗೆ ಅನಿಸಬೇಕಿತ್ತು.

ಎರಡು ದಿನ ಪೇಪರಿನ ಕ್ರಾಸ್‌ವರ್ಡನ್ನು ಇಬ್ಬರೂ ಮುಟ್ಟಲಿಲ್ಲ. ಮೂರನೆಯ ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು ಬಂದು, "ಎಲ್ಲಿ ಸಹಿ?" ಎಂದರು. ವಾರ್ಡಿನ ಚುನಾವಣಾ ಕಚೇರಿಗೆ ಜೊತೆಯಲ್ಲೇ ಹೋದೆವು. ಅಲ್ಲಿನ ಗುಮಾಸ್ತ ಹೆಸರು ತೆಗೆಯುವ ಫಾರ್ಮ್ ನೋಡಿ, ಸತ್ತವರು ಯಾರು ಎಂದು ಕೇಳಿದ. ನಮ್ಮವರು, "ಮೀಚ್," ಎಂದರು. ನಾನೇ. ಗುಮಾಸ್ತ ಕಾರಣದ ಕಾಲಮ್ಮು ಓದಿ ತಲೆಯೆತ್ತಲಿಲ್ಲ, ರಸೀತಿ ಹರಿದು ಕೊಟ್ಟ.

ಪತ್ರದ ಪ್ಯಾರಾಗಳನ್ನು ಒಂದೊಂದು ಕೆಳಗೆ ಸರಿಸಿ, ಒಂದನೆಯದನ್ನು ಹೊಸದಾಗಿ ಬರೆದೆ. ಅನೆಕ್ಷರ್ ಎ: ಆ ರಸೀತಿ. ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಅರ್ಜಿದಾರರ ಪತ್ನಿಯಾದ ನಾನು ವೃತ್ತಿಯಿಂದ ಈ ನಿಯಮಗಳನ್ನು ಬಲ್ಲವಳಾಗಿದ್ದೂ ಗಮನಿಸದೆ ಹೋದೆ; ಈ ಲೋಪ ನನ್ನದು. ತಮ್ಮನಿಗೆ ಓದಿ ಹೇಳಿದೆ. "ಬರೋಬ್ಬರಿ. ಇನ್ನ ಇಬ್ಬರನ್ನೂ ಒಯ್ತಾರ," ಎಂದ.

ಅರ್ಜಿ ಹೋದ ಇಪ್ಪತ್ತು ದಿನಕ್ಕೆ ಸ್ಥಳೀಯ ಠಾಣೆಯಿಂದ ಒಬ್ಬ ಹವಾಲ್ದಾರರು ಮನೆ ನೋಡಲು ಬಂದರು. ಗಂಡ ಹೆಂಡತಿ ನಿಜವಾಗಿ ಒಟ್ಟಿಗಿದ್ದಾರೆಯೇ ಎಂದು ನೋಡುವುದು ಅವರ ಕೆಲಸ. ಮದುವೆಯ ಫೋಟೋ ಕೇಳಿದರು; ಇದ್ದದ್ದು ಒಂದೇ, ಅದರಲ್ಲೂ ನಾನು ಕಣ್ಣು ಮುಚ್ಚಿದ್ದೇನೆ. ಎದುರು ಮನೆಯಾಕೆಯನ್ನು ಬಾಗಿಲಲ್ಲೇ ವಿಚಾರಿಸಿದರು. ಆಕೆ ಮರಾಠಿಯಲ್ಲಿ ಹೇಳಿದ್ದು ನನಗೆ ಒಳಗೆ ಕೇಳುತ್ತಿತ್ತು: "ಗಂಡ ಹೆಂಡತಿ ಹೌದೋ ಅಲ್ಲವೋ ಅಂತೀರಾ? ಪೇಪರಿನ ಕ್ರಾಸ್‌ವರ್ಡ್ ನೀ ಯಾಕೆ ತುಂಬಿದೆ, ನಾ ಯಾಕೆ ತುಂಬಲಿಲ್ಲ ಅಂತ ದಿನಾ ಬೆಳಿಗ್ಗೆ ಜಗಳ. ಲಗ್ನ ಆಗದವರು ಇಷ್ಟು ವರ್ಷ ಹೀಗೆ ಜಗಳ ಆಡ್ತಾರೇನು?" ಹವಾಲ್ದಾರರು ಅದನ್ನು ಏನೆಂದು ಬರೆದುಕೊಂಡರೋ ತಿಳಿಯದು.

ಮತ್ತೆ ಒಂದು ತಿಂಗಳು ಕಳೆದ ಮೇಲೆ ಸಂದರ್ಶನ. ಅದೇ ಅಧಿಕಾರಿ. ಟೇಬಲ್ಲಿನ ಮೇಲೆ ನನ್ನ ಪತ್ರ, ಪ್ರಿಂಟ್ ತೆಗೆದದ್ದು. ಮೊದಲ ಪ್ಯಾರಾದ ಪಕ್ಕ ಪೆನ್ಸಿಲ್ಲಿನ ಗೆರೆ. ಸಿನಿಮಾದಲ್ಲಾದರೆ ಈಕೆ ಚಿಕ್ಕಂದಿನಲ್ಲಿ ನಮ್ಮ ಬೇಕರಿಯ ಕೇಕು ತಿಂದಿರಬೇಕಿತ್ತು. ತಿಂದಿರಲಿಲ್ಲ. ನಾಸಿಕದ ಕಡೆಯವರಂತೆ.

"ಆಜೋಬಾ, ಇದನ್ನು ನೀವು ಯಾಕೆ ಬರೆದಿರಿ? ನಾವು ಕೇಳಿರಲಿಲ್ಲ."

ನಮ್ಮವರು ನನ್ನತ್ತ ಬೆರಳು ತೋರಿಸಿದರು. "ಬರೆದವರು ಇವರು. ನನಗೆ ಮನಸ್ಸಿರಲಿಲ್ಲ."

ಅಧಿಕಾರಿ ಅವರನ್ನೇ ನೋಡುತ್ತಿದ್ದರು. "ಮನಸ್ಸು ಯಾಕಿರಲಿಲ್ಲ?"

"ಪಟ್ಟಿಯಲ್ಲಿ ಹೆಸರಿತ್ತು. ನಾನು ಇಲ್ಲಿಯವನು ಎನ್ನುವುದಕ್ಕೆ ನನ್ನ ಹತ್ತಿರ ಇದ್ದದ್ದು ಅದೊಂದೇ ಕಾಗದ. ಅದನ್ನೂ ಕೊಟ್ಟುಬಿಟ್ಟೆ."

ಆಕೆ ಪತ್ರ ಎತ್ತಿಕೊಂಡು ಒಳಗಿನ ಕೋಣೆಗೆ ಹೋದರು. ಗೋಡೆಯ ಗಡಿಯಾರದಲ್ಲಿ ಇಪ್ಪತ್ತೈದು ನಿಮಿಷ. ತಿರುಗಿ ಬಂದು ಹೇಳಿದ್ದು ಇಷ್ಟು: ಮತದ ವಿಷಯ ಚುನಾವಣಾ ಕಚೇರಿಯವರದು, ಹೆಸರು ತೆಗೆದದ್ದು ದಾಖಲಾಗಿದೆ, ಅವರು ಕೇಳಿದರೆ ನೀವು ಉತ್ತರಿಸಬೇಕಾಗುತ್ತದೆ. ನಮ್ಮ ಮಟ್ಟಿಗೆ, ಠಾಣೆಯ ವರದಿಯಲ್ಲೂ ಮತದಾರರ ಚೀಟಿಯ ಉಲ್ಲೇಖ ಬಂದಿದೆ. ನಿಮ್ಮ ಪತ್ರದಲ್ಲಿ ಇರದಿದ್ದರೆ ನಾನು ಈ ಫೈಲಿನ ಮೇಲೆ ಬೇರೆ ಟಿಪ್ಪಣಿ ಬರೆಯಬೇಕಾಗುತ್ತಿತ್ತು. ಈಗ ಶಿಫಾರಸು ಮಾಡಿ ಮೇಲೆ ಕಳಿಸುತ್ತಿದ್ದೇನೆ.

ಮಂಜೂರಾತಿ ಬರಲು ಇನ್ನೂ ಏಳು ವಾರ ಹಿಡಿಯಿತು. ದಂಡ ಕಟ್ಟಿದೆವು. ಪ್ರಿಂಟ್ ತೆಗೆದ ಕಾಗದದ ಮೇಲೆ ಉದ್ದ ಮೂಗಿನ ಫೋಟೋ, ವಿಸಾದ ವರ್ಗ, ಅವಧಿ ಐದು ವರ್ಷ. ಸ್ಪಾನ್ಸರ್: ಪತ್ನಿ, ಜೊತೆಗೆ ನನ್ನ ಹೆಸರು. ವೈವಾಹಿಕ ಸಂಬಂಧ ಮುಂದುವರಿದಿರುವವರೆಗೆ ಮಾತ್ರ, ಎಂಬ ಷರತ್ತು. ಕೆಲಸ ಮಾಡುವಂತಿಲ್ಲ ಎಂಬ ಇನ್ನೊಂದು. ಬೇಕರಿ ಮುಚ್ಚಿ ಹನ್ನೆರಡು ವರ್ಷವಾಗಿದ್ದರಿಂದ ಅದು ಬಾಧಿಸಲಿಲ್ಲ. ಓಸಿಐ ಕಾರ್ಡಿಗೆ ಮುಂದಿನ ತಿಂಗಳು ಹಾಕಬೇಕು, ಅನೆಕ್ಷರ್‌ಗಳು ತಯಾರಿವೆ. ಅದು ಬರುವವರೆಗೆ ಈ ಕಾಗದವೇ ಗತಿ.

ಮೂಲ ಪಾಸ್‌ಪೋರ್ಟ್ ತೋರಿಸಲು ಕಡೆಯ ಸಲ ಕಚೇರಿಗೆ ಹೋಗಿ ಹೊರಬಂದಾಗ ಬಿಸಿಲೇರಿತ್ತು. ಮೆಟ್ಟಿಲಿಳಿಯುತ್ತ ಅವರು ಕಾಗದವನ್ನು ದೂರ ಹಿಡಿದು ಓದಿದರು.

"ಐದು ವರ್ಷ. ಆಮ್ಯಾಲೆ?"

"ಕಾರ್ಡು ಬರದಿದ್ರ ಮತ್ತ ಅರ್ಜಿ. ನಾನು ಬಂದು ಸಹಿ ಹಾಕಬೇಕು."

"ನೀವು ಬರಲಿಲ್ಲಂದ್ರ?"

"ನಡಿಯಂಗಿಲ್ಲ."

ಅವರು ಕಾಗದ ಮಡಿಚಿ ಶರ್ಟಿನ ಜೇಬಿಗಿಟ್ಟರು. ರಿಕ್ಷಾ ನಿಲ್ಲಿಸಿ, ನನ್ನ ಮೊಣಕೈ ಹಿಡಿದು ಹತ್ತಿಸಿ, ತಾವು ಹತ್ತದೆ ಹೊರಗೇ ನಿಂತು ನನ್ನ ಮುಖ ನೋಡಿದರು.

"ಮುಂಜಾನೆ ಬಿಪಿ ಗುಳಿಗಿ ತಗೊಂಡ್ರ್ಯಾ ಮೇಡಂ?"

ಗಡಿಬಿಡಿಯಲ್ಲಿ ಮರೆತಿದ್ದೆ. ಅವರು ರಿಕ್ಷಾದವನಿಗೆ ಮರಾಠಿಯಲ್ಲಿ, ಮೊದಲು ಒಂದು ಔಷಧದ ಅಂಗಡಿಯ ಮುಂದೆ ನಿಲ್ಲಿಸು ಎಂದು ಹೇಳಿ, ನನ್ನ ಪಕ್ಕದಲ್ಲಿ ಹತ್ತಿ ಕೂತರು.